ಬೆಟ್ಟಕ್ಕೆ ಹೋಗುವವರ ಜೇಬಿನಲ್ಲಿ ಏನಿರಬೇಕು?

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೊಡವರ ಸಾಂಪ್ರದಾಯಿಕ ಉಡುಗೆಯನ್ನು ಕಂಡಿರುವ ಎಲ್ಲರಿಗೂ ಕುಪ್ಯದ ಮೇಲೆ ಬಿಗಿದ ಕೆಂಪು ಚೇಲೆ ಮತ್ತು ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ ಪರಿಚಿತ. ಪೀಚೆಕತ್ತಿಯ ಬೆಳ್ಳಿ ಸರಪಳಿಯ ತುದಿಯನ್ನು ಸಮೀಪದಿಂದ ನೋಡಿದವರು ಕಡಿಮೆ. ಹಳೆಯ ಸರಪಳಿಗಳಲ್ಲಿ ಚಿಮುಟ, ಕಿವಿ ಶುಚಿಗೊಳಿಸುವ ಕಡ್ಡಿ ಮೊದಲಾದ ಪುಟ್ಟ ಉಪಕರಣಗಳು ತೂಗಾಡುತ್ತಿರುತ್ತವೆ. ಬೆನ್ನ ಹಿಂದೆ ತೋಡಂಗಿಗೆ ಸಿಕ್ಕಿಸುವ ಒಡಿಕತ್ತಿ ಬೇರೆ. ಇಂದು ಒಡಿಕತ್ತಿಯು ಮದುವೆಯಲ್ಲಿ ಬಾಳೆ ಕಡಿಯುವುದಕ್ಕೆ ಹೊರಬರುತ್ತದೆ, ಪೀಚೆಕತ್ತಿಯು ಛಾಯಾಚಿತ್ರಕ್ಕೆ ಶೋಭೆಯಾಗಿದೆ. ಆದರೆ ಆಭರಣವಾಗುವುದಕ್ಕೆ ಮೊದಲು ಅವು ಕಾಡು ದಾಟುವ ಮನುಷ್ಯನ ಬಳಕೆಯ ವಸ್ತುಗಳಾಗಿದ್ದವು. ಕಾಲಿಗೆ ಮುಳ್ಳು ನೆಟ್ಟಾಗ ಚಿಮುಟವು ಮನೆಯಲ್ಲಿದ್ದರೆ ಪ್ರಯೋಜನವಿಲ್ಲ. ಬೇಕಾದ ವಸ್ತು ಮೈಮೇಲೆಯೇ ಇರಬೇಕು ಎಂಬ ವಿವೇಕ ಆ ಸರಪಳಿಯಲ್ಲಿದೆ. ಇಂದಿನ ವಿಷಯಕ್ಕೆ ಇದೇ ಪೀಠಿಕೆ.

ಕೆಲವು ವರ್ಷಗಳಿಂದ ಪೇಟೆಯ ಅಂಗಡಿಗಳಲ್ಲಿಯೂ ಅಂತರ್ಜಾಲದ ಮಾರಾಟದಲ್ಲಿಯೂ ಅಂಗೈಯಗಲದ ತಗಡಿನ ಡಬ್ಬಿಗಳು ದೊರೆಯುತ್ತಿವೆ. ‘ಸರ್ವೈವಲ್ ಕಿಟ್’ ಎಂಬುದು ಅವುಗಳ ಹೆಸರು. ತೆರೆದು ನೋಡಿದರೆ ಗುಂಡಿಯಷ್ಟು ದೊಡ್ಡ ದಿಕ್ಸೂಚಿ, ಮೀನಿನ ಗಾಳ ಮತ್ತು ದಾರ, ಹಿತ್ತಾಳೆಯ ತಂತಿ, ತಂತಿಯ ಗರಗಸ, ಕಿಡಿ ಹಾರಿಸುವ ಕಡ್ಡಿ, ಒಂದು ಬ್ಲೇಡು. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿಗಳನ್ನು ಹತ್ತಲು ಬರುವ ನಗರದ ಯುವಕರ ಚೀಲಗಳಲ್ಲಿ ಇವು ಕಾಣಿಸಿಕೊಳ್ಳುತ್ತಿವೆ. ಊರಿನ ಹುಡುಗರಿಗೂ ಇದರ ಮೇಲೆ ಮೋಹ ಹುಟ್ಟಿದೆ. ಮೋಹವನ್ನು ಹಳಿಯುವ ಮೊದಲು ಈ ಡಬ್ಬಿಯ ವಂಶಾವಳಿಯನ್ನು ತಿಳಿಯುವುದು ಒಳ್ಳೆಯದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಎಂಐ9 ಎಂಬ ಗುಪ್ತ ವಿಭಾಗಕ್ಕೆ ಒಂದು ವಿಶಿಷ್ಟ ಹೊಣೆಯಿತ್ತು. ಶತ್ರುನೆಲದಲ್ಲಿ ವಿಮಾನ ಉರುಳಿ ಬಿದ್ದ ಯೋಧರು ಸೆರೆ ಸಿಗದೆ ಮರಳಿ ಬರುವಂತೆ ಮಾಡುವುದು ಅದರ ಕೆಲಸ. ಕ್ಲೇಟನ್ ಹಟ್ಟನ್ ಎಂಬ ಅಧಿಕಾರಿ ಇದಕ್ಕಾಗಿ ಐವತ್ತು ಸಿಗರೇಟು ಹಿಡಿಸುವ ಚಪ್ಪಟೆ ಡಬ್ಬಿಯನ್ನು ಆರಿಸಿಕೊಂಡನು. ಅದರೊಳಗೆ ಹಾಲಿನ ಮಾತ್ರೆಗಳು, ಬೆಂಕಿಕಡ್ಡಿ, ದಿಕ್ಸೂಚಿ, ನೀರು ಶುದ್ಧೀಕರಿಸುವ ಗುಳಿಗೆ, ನೀರು ತುಂಬುವ ರಬ್ಬರಿನ ಚೀಲ ಮುಂತಾದವನ್ನು ತುಂಬಿಸಿದನು. ರೇಷ್ಮೆಯ ಬಟ್ಟೆಯ ಮೇಲೆ ಮುದ್ರಿಸಿದ ಭೂಪಟಗಳನ್ನೂ ಆ ವಿಭಾಗ ಯೋಧರಿಗೆ ಒದಗಿಸಿತು. ಮುಂದೆ 1986ರಲ್ಲಿ ಬ್ರಿಟಿಷ್ ಸೇನೆಯ ಎಸ್‌ಎಎಸ್ ಪಡೆಯಲ್ಲಿದ್ದ ಜಾನ್ ವೈಸ್‌ಮನ್ ಬರೆದ ಕೈಪಿಡಿಯು ತಂಬಾಕಿನ ಡಬ್ಬಿಯಲ್ಲಿ ಹಿಡಿಸುವ ಇಂತಹುದೇ ಒಂದು ಸಂಗ್ರಹವನ್ನು ಲೋಕಪ್ರಿಯಗೊಳಿಸಿತು. ಇಂದು ಮಾರಾಟವಾಗುವ ಡಬ್ಬಿಗಳೆಲ್ಲ ಈ ಎರಡರ ಮಕ್ಕಳು, ಮೊಮ್ಮಕ್ಕಳು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಆ ಯೋಧನು ಯಾರ ಕಣ್ಣಿಗೂ ಬೀಳಬಾರದಾಗಿತ್ತು. ವಾರಗಟ್ಟಲೆ ಅಡಗಿ, ರಾತ್ರಿ ನಡೆದು, ಸಿಕ್ಕಿದ್ದನ್ನು ತಿಂದು ಗಡಿ ಸೇರಬೇಕಾಗಿತ್ತು. ಅವನ ಡಬ್ಬಿಯು ಅಡಗುವವನ ಡಬ್ಬಿ. ಅದೇ ವಿಮಾನಯೋಧನು ಸಮುದ್ರದ ಮೇಲೆ ಹಾರುವಾಗ ತೊಡುತ್ತಿದ್ದ ತೇಲುಕವಚಕ್ಕೆ ಮಾತ್ರ ಒಂದು ಸೀಟಿಯನ್ನು ಕಟ್ಟಿರುತ್ತಿದ್ದರು. ಏಕೆಂದರೆ ಕಡಲಿಗೆ ಬಿದ್ದವನು ಹುಡುಕುವವರ ಕಿವಿಗೆ ಬೀಳಬೇಕು. ಕೊಡಗಿನ ಬೆಟ್ಟದಲ್ಲಿ ದಾರಿ ತಪ್ಪಿದವನ ಸ್ಥಿತಿ ಈ ಎರಡನೆಯವನದು. ಅವನನ್ನು ಅಟ್ಟಿಸಿಕೊಂಡು ಬರುವ ಶತ್ರುವಿಲ್ಲ. ಹುಡುಕಲು ಊರಿನವರು, ಅರಣ್ಯ ಇಲಾಖೆಯ ಸಿಬ್ಬಂದಿ, ಪೊಲೀಸರು ಹೊರಡುತ್ತಾರೆ. ಒಂದೆರಡು ರಾತ್ರಿ ಜೀವ ಹಿಡಿದುಕೊಂಡು, ತಾನಿರುವ ಎಡೆಯನ್ನು ಅವರಿಗೆ ತಿಳಿಸುವುದಷ್ಟೇ ಅವನ ಕರ್ತವ್ಯ. ಹೀಗಿರುವಾಗ ಅಡಗುವವನ ಡಬ್ಬಿಯನ್ನು ಹೊತ್ತು ಅವನಿಗೆ ಆಗಬೇಕಾದುದೇನು?

ಗಾಳ ಮತ್ತು ತಂತಿಯ ಮಾತನ್ನು ಮೊದಲು ಮುಗಿಸಿಬಿಡಬಹುದು. ಹಿತ್ತಾಳೆಯ ತಂತಿ ಇರುವುದು ಉರುಳು ಹಾಕಲು. ಉರುಳೆಂದರೇನೆಂದು ಕಾಡಂಚಿನ ತೋಟಗಳವರಿಗೆ ವಿವರಿಸಬೇಕಾಗಿಲ್ಲ. ಹಂದಿಗೆಂದು ಒಡ್ಡಿದ ಉರುಳಿಗೆ ಚಿರತೆ ಬಿದ್ದು ನರಳಿದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಬೇಟೆಯ ಅಪರಾಧ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಮೂರೂ ವನ್ಯಜೀವಿ ಧಾಮಗಳು. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಇವೂ ಇವೆ. ಅಲ್ಲಿಗೆ ಉರುಳಿನ ತಂತಿ ಮತ್ತು ಗಾಳ ಹಿಡಿದು ಹೋಗುವವನು ಆಪತ್ತಿಗೆ ಸಿದ್ಧನಾಗಿ ಹೋಗುವುದಿಲ್ಲ, ಮೊಕದ್ದಮೆಗೆ ಸಿದ್ಧನಾಗಿ ಹೋಗುತ್ತಾನೆ. ಅಲ್ಲದೆ ಆರೋಗ್ಯವಂತನಾದ ಮನುಷ್ಯನು ಎರಡು ದಿನ ಉಪವಾಸವಿದ್ದರೆ ಸಾಯುವುದಿಲ್ಲ. ಹಸಿವು ಕೊಡಗಿನ ಬೆಟ್ಟಗಳ ಮೊದಲ ಅಪಾಯವಲ್ಲ, ಎರಡನೆಯದೂ ಅಲ್ಲ.

ಮೊದಲನೆಯದು ಮಳೆ. ಮಳೆಯೆಂದರೆ ಪ್ರವಾಹವೆಂದೇ ಜನ ತಿಳಿಯುತ್ತಾರೆ. ಇಲ್ಲಿ ಹೇಳುತ್ತಿರುವುದು ಮೈ ನೆನೆಯುವ ಸಾಧಾರಣ ಮಳೆಯ ಮಾತು. ತಡಿಯಂಡಮೋಳಿನ ಎತ್ತರ 1,748 ಮೀಟರ್, ಪುಷ್ಪಗಿರಿಯದು 1,712 ಮೀಟರ್. ಶೋಲಾ ಕಾಡನ್ನು ದಾಟಿ ಹುಲ್ಲುಗಾವಲಿನ ನೆತ್ತಿಗೆ ಬಂದೊಡನೆ ಗಾಳಿಗೆ ಅಡ್ಡಿಯೇ ಇರುವುದಿಲ್ಲ. ಕಕ್ಕಡ ಮಾಸದ ಮಳೆಯಲ್ಲಿ ಆ ನೆತ್ತಿಯ ಮೇಲೆ ಒದ್ದೆ ಬಟ್ಟೆಯಲ್ಲಿ ಒಂದು ಗಂಟೆ ನಿಂತವರಿಗೆ ಚಳಿಯ ನಿಜರೂಪ ಗೊತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಯು ಮೈಗೆ ಹೊದಿಕೆಯಾಗುವ ಬದಲು ಮೈಯ ಶಾಖವನ್ನು ಹೊರಗೆಳೆಯುವ ಬತ್ತಿಯಾಗುತ್ತದೆ. ಹಿಮವಿಲ್ಲದ ನಾಡಿನಲ್ಲಿ ಶೀತಾಘಾತವೆಲ್ಲಿಯದು ಎಂದು ನಗುವವರುಂಟು. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಶೀತಾಘಾತವೆನ್ನುತ್ತಾರೆ. ಒದ್ದೆ ಮೈ, ಬೀಸುವ ಗಾಳಿ, ಖಾಲಿ ಹೊಟ್ಟೆ, ದಣಿವು ಈ ನಾಲ್ಕು ಕೂಡಿದರೆ ಅದಕ್ಕೆ ಹಿಮ ಬೇಕಾಗಿಲ್ಲ. ಮೊದಲು ನಡುಕ ಬರುತ್ತದೆ. ಬಳಿಕ ಬೆರಳುಗಳು ಗುಂಡಿ ಹಾಕಲಾರವು, ಮಾತು ತೊದಲುತ್ತದೆ. ಆಮೇಲೆ ನಡುಕ ನಿಲ್ಲುತ್ತದೆ. ಜೊತೆಗಿರುವವರು ಅವನು ಸುಧಾರಿಸಿಕೊಂಡನೆಂದು ಭಾವಿಸುವುದು ಆಗಲೇ. ವಾಸ್ತವವಾಗಿ ಆ ಕ್ಷಣದಿಂದ ಅವನ ಪ್ರಾಣಕ್ಕೆ ಅಪಾಯ ಪ್ರಾರಂಭವಾಗಿರುತ್ತದೆ.

ಇದಕ್ಕೆ ಬೇಕಾದ ಉಪಕರಣವು ತಗಡಿನ ಡಬ್ಬಿಯಲ್ಲಿಲ್ಲ. ನಾಟಿಗದ್ದೆಯ ಹೆಂಗಸರ ಬೆನ್ನ ಮೇಲಿದೆ. ಗೊರಬೆ ಹೋಗಿ ಕಂಬಳಿಕೊಪ್ಪೆ ಬಂತು. ಕಂಬಳಿಕೊಪ್ಪೆ ಹೋಗಿ ಪ್ಲಾಸ್ಟಿಕ್ ಕೊಪ್ಪೆ ಬಂತು. ಮನುಷ್ಯನನ್ನು ಸೊಂಟದವರೆಗೆ ಮುಚ್ಚುವಷ್ಟು ದೊಡ್ಡದಾದ, ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಮಡಿಸಿದರೆ ಅಂಗೈಯಷ್ಟಾಗುತ್ತದೆ. ಒಂದು ಮೂಲೆಯಲ್ಲಿ ಮುಖದಷ್ಟು ಕತ್ತರಿಸಿ ತಲೆಯ ಮೇಲಿನಿಂದ ಎಳೆದುಕೊಂಡು, ಮೊಣಕಾಲನ್ನು ಎದೆಗೆ ಒತ್ತಿ ಕುಳಿತರೆ ಅದೇ ಕೊಪ್ಪೆ, ಅದೇ ಗುಡಾರ. ಮುಖವನ್ನು ಎಂದಿಗೂ ಮುಚ್ಚಕೂಡದು, ಉಸಿರಾಟಕ್ಕೆ ತೊಂದರೆಯಾಗುತ್ತದೆ. ನೆಲವೂ ಶಾಖವನ್ನು ಹೀರುವುದರಿಂದ ಬರಿನೆಲದ ಮೇಲೆ ಕೂರಬಾರದು. ಬೆನ್ನಿನ ಚೀಲವನ್ನೋ ತರಗೆಲೆಯ ರಾಶಿಯನ್ನೋ ಅಡಿಗೆ ಹಾಕಿಕೊಳ್ಳಬೇಕು. ಬೆಳ್ಳಿಬಣ್ಣದ ತೆಳು ಹೊದಿಕೆಗಳೂ ಮಾರಾಟಕ್ಕಿವೆ. ಗಾಳಿಯಿಲ್ಲದ ಎಡೆಯಲ್ಲಿ ಅವು ಕೆಲಸ ಮಾಡುತ್ತವೆ. ಆದರೆ ಬಿರುಗಾಳಿಗೆ ಹರಿದು ಚಿಂದಿಯಾಗಿ ಹುಲ್ಲುಗಾವಲಿನಲ್ಲೆಲ್ಲ ಹಾರಾಡುವುದೇ ಅವುಗಳ ಗತಿ.

ಎರಡನೆಯ ಅಪಾಯವೆಂದರೆ ಯಾರಿಗೂ ಸಿಗದೆ ಹೋಗುವುದು. ಹಿಂದೆ ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿಯಿತ್ತು. ಕಣಿವೆಯಾಚೆಗೆ ಚದುರಿದ ಮನೆಗಳವರು ಶಬ್ದವನ್ನು ಎಣಿಸಿ ಸುದ್ದಿಯನ್ನು ತಿಳಿಯುತ್ತಿದ್ದರು. ಕೇಳುವವರಿಗೂ ಹೊರಡಿಸುವವರಿಗೂ ಎಣಿಕೆಯ ಅರ್ಥ ಗೊತ್ತಿದ್ದುದರಿಂದ ಅದು ಭಾಷೆಯಾಯಿತು. ಸೀಟಿಗೂ ಅಂತಹ ಒಂದು ಒಪ್ಪಂದವಿದೆ. ಆಲ್ಪ್ಸ್ ಪರ್ವತದ ಆರೋಹಿಗಳು ರೂಢಿಸಿದ ಕ್ರಮದಂತೆ ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಬಾರಿ ಊದಬೇಕು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಬಾರಿ ಊದಿ ಉತ್ತರ ಕೊಡಬೇಕು. ರಾತ್ರಿ ಟಾರ್ಚಿನ ಬೆಳಕಿನಿಂದಲೂ ಇದೇ ಲೆಕ್ಕದಲ್ಲಿ ಸಂಜ್ಞೆ ಮಾಡಬಹುದು. ನಡುವೆ ಮೌನವಾಗಿರುವ ಆ ಒಂದು ನಿಮಿಷ ಬಹಳ ಮುಖ್ಯ. ಊದುತ್ತಲೇ ಇರುವವನಿಗೆ ಉತ್ತರ ಕೇಳಿಸುವುದಿಲ್ಲ. ಕೂಗುವುದರಿಂದ ಗಂಟಲು ಬೇಗನೆ ಕಟ್ಟುತ್ತದೆ, ಅದರ ಮೇಲೆ ಹೊಳೆಯ ಭೋರ್ಗರೆತದಲ್ಲಿ ಮನುಷ್ಯನ ಧ್ವನಿ ಕರಗಿಹೋಗುತ್ತದೆ. ಸೀಟಿಯ ಚೂಪಾದ ದನಿ ಅದನ್ನು ಸೀಳಿಕೊಂಡು ಹೋಗುತ್ತದೆ. ಒಳಗೆ ಗೋಲಿಯಿಲ್ಲದ ಪ್ಲಾಸ್ಟಿಕ್ ಸೀಟಿಯೇ ಮಳೆನಾಡಿಗೆ ತಕ್ಕದ್ದು. ಗೋಲಿಯಿರುವುದು ನೆನೆದರೆ ಅಂಟಿಕೊಳ್ಳುತ್ತದೆ. ಅದನ್ನು ಚೀಲದೊಳಗೆ ಹೂತಿಡದೆ ಕೊರಳಿಗೆ ಕಟ್ಟಿಕೊಳ್ಳಬೇಕು. ಒಂದು ಎಚ್ಚರಿಕೆಯ ಮಾತು: ತಿತಿಮತಿಯ ಕಡೆಯೋ ಸುಂಟಿಕೊಪ್ಪದ ಕಡೆಯೋ ತೋಟದಲ್ಲಿ ಆನೆ ಹತ್ತಿರವಿರುವಾಗ ಸೀಟಿ ಊದಿ ಅದನ್ನು ಕೆಣಕುವ ಸಾಹಸ ಬೇಡ. ಆಗ ಸದ್ದಿಲ್ಲದೆ ಬಂದ ದಾರಿಯಲ್ಲಿ ಹಿಂದೆ ಸರಿಯುವುದೇ ಸರಿ. ಆನೆಗೆ ಯಾವ ಕಿಟ್ಟೂ ಔಷಧವಲ್ಲ.

ಮೊಬೈಲ್ ಇರುವಾಗ ಸೀಟಿಯೇಕೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಮೊಬೈಲನ್ನು ಹಳಿಯುವ ಉದ್ದೇಶ ಇಲ್ಲಿಲ್ಲ. 2022ರ ಫೆಬ್ರವರಿ 20ರಂದು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ (ಕೊಡಗಿನ ಬ್ರಹ್ಮಗಿರಿಯಲ್ಲ) ಸುಮಾರು 300 ಅಡಿ ಜಾರಿ ಬಂಡೆಯೊಂದರ ಮೇಲೆ ಸಿಕ್ಕಿಕೊಂಡ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿ ತಂದಿತು. ತಾನಿರುವ ಸ್ಥಳವನ್ನು ಅವನು ಮೊಬೈಲಿನಿಂದ ತಿಳಿಸಿದ್ದನು. ಅದೇ ತಿಂಗಳ 7ರಂದು ಕೇರಳದ ಮಲಂಪುಳದ ಕುರುಂಬಾಚಿ ಬೆಟ್ಟದಲ್ಲಿ ಬಂಡೆಯ ಬಿರುಕಿನೊಳಗೆ ಸಿಕ್ಕಿಕೊಂಡ ಯುವಕನೂ ಗೆಳೆಯರಿಗೆ ಕರೆ ಮಾಡಿ ಚಿತ್ರಗಳನ್ನು ಕಳುಹಿಸಿದ್ದನು. ಕರಾವಳಿ ಕಾವಲುಪಡೆಯ ಹೆಲಿಕಾಪ್ಟರಿಗೂ ಅವನ ಬಳಿ ಇಳಿಯಲಾಗಲಿಲ್ಲ. ಒಂಬತ್ತನೆಯ ತಾರೀಖಿನಂದು ಸೈನ್ಯದ ಯೋಧರು ಹಗ್ಗ ಕಟ್ಟಿ ಅವನನ್ನು ಮೇಲೆತ್ತುವಷ್ಟರಲ್ಲಿ 40 ಗಂಟೆಗಳಿಗೂ ಹೆಚ್ಚು ಕಾಲ ಕಳೆದಿತ್ತು. ಅಷ್ಟು ಹೊತ್ತು ಅವನ ಬಳಿ ಅನ್ನವಿರಲಿಲ್ಲ, ನೀರೂ ಇರಲಿಲ್ಲ. ಯೋಧರು ಹತ್ತಿರ ಬಂದು ಮೊದಲು ಕೊಟ್ಟದ್ದು ನೀರು.

ಎರಡು ಪ್ರಸಂಗಗಳಲ್ಲಿಯೂ ಮೊಬೈಲ್ ಪ್ರಾಣ ಉಳಿಸಿತು. ಆದರೆ ಎರಡೂ ಕಡೆ ಸಿಗ್ನಲ್ ಇತ್ತು, ಎರಡೂ ಕಡೆ ಬಿಸಿಲಿನ ಕಾಲ. ಪುಷ್ಪಗಿರಿಯ ಕಣಿವೆಯೊಳಗೆ, ಆಷಾಢದ ಮಂಜಿನಲ್ಲಿ, ನೆನೆದ ಮೊಬೈಲಿನಿಂದ ಅಷ್ಟನ್ನು ನಿರೀಕ್ಷಿಸಲಾಗದು. ಆದ್ದರಿಂದ ಮೊಬೈಲನ್ನು ನೀರು ಹೋಗದ ಪೊಟ್ಟಣದಲ್ಲಿಟ್ಟು, ಚಿತ್ರ ತೆಗೆದು ತೆಗೆದು ಬ್ಯಾಟರಿಯನ್ನು ಬರಿದುಮಾಡದೆ, ಅಗತ್ಯವಿಲ್ಲದಾಗ ಫ್ಲೈಟ್ ಮೋಡಿನಲ್ಲಿಡಬೇಕು. ಮಾತು ಸಾಗದ ಎಡೆಯಿಂದಲೂ ಒಂದು ಕಿರುಸಂದೇಶ ಹೊರಟುಬಿಡಬಹುದು. ತನ್ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಪ್ರಯತ್ನಿಸಿ ನೋಡಬೇಕು. ಬೇರೆ ಕಂಪನಿಯ ಗೋಪುರದ ಮೂಲಕ ಆ ಕರೆ ಹೋಗುವ ಸಾಧ್ಯತೆಯುಂಟು. ಬೆಳಕಿಗೆಂದು ಮೊಬೈಲನ್ನು ಉರಿಸುವುದು ಮಾತ್ರ ದೊಡ್ಡ ತಪ್ಪು. ಹೆಬ್ಬೆರಳಿನ ಗಾತ್ರದ ಟಾರ್ಚೊಂದು ಪ್ರತ್ಯೇಕವಾಗಿರಲಿ. ಕತ್ತಲಾದ ಮೇಲೆ ಕಾಡಿನಲ್ಲಿ ನಡೆದವರೇ ಬಂಡೆಯಿಂದ ಬೀಳುವುದು. ಟಾರ್ಚು ಇರುವುದು ನಡೆಯಲೆಂದಲ್ಲ, ಕೂರುವ ಜಾಗವನ್ನು ನೋಡಿಕೊಳ್ಳಲು ಮತ್ತು ಹುಡುಕುವವರಿಗೆ ಸಂಜ್ಞೆ ಮಾಡಲು.

ನೀರಿನ ವಿಷಯದಲ್ಲಿ ಕೊಡಗು ಪುಣ್ಯಭೂಮಿ, ಆದರೆ ವರ್ಷವಿಡೀ ಅಲ್ಲ. ಮಾರ್ಚ್ ತಿಂಗಳಿನ ಬೆಟ್ಟದ ನೆತ್ತಿಯಲ್ಲಿ ಹನಿ ನೀರಿಲ್ಲ, ಮಲಂಪುಳದ ಯುವಕನ ಪಾಡು ಇಲ್ಲಿಯೂ ಬರಬಹುದು. ತೊರೆ ಸಿಕ್ಕಿದರೂ ಮೇಲ್ಗಡೆ ದನಕರು, ಹಂದಿ, ಮನುಷ್ಯರು ಏನು ಮಾಡಿದ್ದಾರೆಂದು ತಿಳಿಯದು. ಔಷಧದ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಮಾತ್ರೆಗಳಲ್ಲಿ ಒಂದು ಲೀಟರಿಗೆ ಹಾಕುವಂತಹವೂ ಇವೆ, ಇಪ್ಪತ್ತು ಲೀಟರಿಗೆ ಹಾಕುವಂತಹವೂ ಇವೆ. ಪೊಟ್ಟಣದ ಮೇಲಿನ ಬರಹವನ್ನು ಓದದೆ ಬಳಸಬಾರದು. ಹಾಕಿದ ಮೇಲೆ ಅರ್ಧ ಗಂಟೆಯಾದರೂ ಕಾಯಬೇಕು. ಜೊತೆಗೆ ಒಂದು ಓ.ಆರ್.ಎಸ್. ಪೊಟ್ಟಣ. ಅದಿಲ್ಲದ ಮನೆಯಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಸಮನಾಗಿ ಅಳೆದ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿದರೆ ಅದೇ ಕೆಲಸವಾಗುತ್ತದೆ. ತಿನ್ನಲು ಒಂದು ಅಚ್ಚು ಬೆಲ್ಲ ಸಾಕು. ಪರದೇಶದ ಪೌಷ್ಟಿಕ ಬಿಲ್ಲೆಗಳಿಗೆ ಮುನ್ನೂರು ರೂಪಾಯಿ ಸುರಿಯುವವರು ಬೆಲ್ಲವನ್ನು ಏಕೆ ಮರೆತರೋ ತಿಳಿಯದು. ಬೆಲ್ಲ ಸುತ್ತಿದ ಬಾಳೆಲೆಯನ್ನು ಕಾಡಿನಲ್ಲಿ ಬಿಟ್ಟರೂ ಅದು ಮಣ್ಣಾಗುತ್ತದೆ.

ಬೆಂಕಿಯ ಬಗ್ಗೆ ಪರಿಸರದ ಕಾಳಜಿಯುಳ್ಳವರು ಸ್ಪಷ್ಟವಾಗಿ ಮಾತನಾಡಬೇಕು. ಡಬ್ಬಿಗಳ ಮಾರಾಟಗಾರರು ಬೆಂಕಿ ಹೊತ್ತಿಸುವ ಸಾಧನವನ್ನೇ ಮೊದಲ ಸ್ಥಾನದಲ್ಲಿಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಹಿಮದ ನಾಡು. ಕೊಡಗಿನಲ್ಲಿ ಮಳೆಗಾಲದಲ್ಲಿ ಬೇಕೆಂದರೂ ಬೆಂಕಿ ಹತ್ತುವುದಿಲ್ಲ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೇಡವೆಂದರೂ ಹತ್ತುತ್ತದೆ. ಆ ಒಣಗಿದ ಹುಲ್ಲಿನಲ್ಲಿ ಒಂದು ಕಿಡಿ ಬಿದ್ದರೆ ಇಡೀ ಬೆಟ್ಟವೇ ಕಪ್ಪಾಗುವುದನ್ನು ಬೆಟ್ಟದಡಿಯ ಊರಿನವರು ಕಂಡಿದ್ದಾರೆ. ಹೊತ್ತಿಸಿದವನೇ ಅದರೊಳಗೆ ಸಿಕ್ಕಿಕೊಳ್ಳುವ ಭಯವೂ ಇದೆ. ವನ್ಯಜೀವಿ ಧಾಮದೊಳಗೆ ಬೆಂಕಿ ಹಚ್ಚುವುದನ್ನು ಕಾಯಿದೆಯ 30ನೆಯ ಸೆಕ್ಷನ್ ನಿಷೇಧಿಸಿದೆ. ಹಾಗೆಂದು ಮಳೆಯಲ್ಲಿ ನಡುಗುವವನಿಗೆ ಕಾಯಿದೆ ಓದಿ ಹೇಳುವ ಮಾತಲ್ಲ ಇದು. ಒಂದು ಲೈಟರ್, ಅದಕ್ಕೆ ಸುತ್ತಿದ ಸೈಕಲ್ ಟ್ಯೂಬಿನ ಎರಡು ತುಂಡು ಜೊತೆಗಿರಲಿ. ಟ್ಯೂಬಿನ ರಬ್ಬರು ಒದ್ದೆಯಾದರೂ ಉರಿಯುತ್ತದೆ, ಹಸಿ ಪುಳ್ಳೆಯನ್ನು ಹತ್ತಿಸುವಷ್ಟು ಹೊತ್ತು ನಿಲ್ಲುತ್ತದೆ. ಹೊಗೆ ಕೆಟ್ಟದ್ದು, ನಿಜ. ಆದರೂ ಅದು ಪ್ರಾಣಾಪಾಯದ ರಾತ್ರಿಗೆ ಮೀಸಲು, ಚಹಾ ಕಾಯಿಸಲು ಅಲ್ಲ.

ಬ್ಲೇಡಿನ ದುರುಪಯೋಗ ಇನ್ನೂ ಘೋರ. ಹಾವು ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹೀರಬೇಕೆಂಬ ಹಳೆಯ ನಂಬಿಕೆಯು ಈಗಲೂ ಕೆಲವು ಕಿಟ್‌ಗಳಲ್ಲಿ ಹೀರುಗೊಳವೆಯ ರೂಪದಲ್ಲಿ ಮಾರಾಟವಾಗುತ್ತಿದೆ. ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕಚ್ಚಿಸಿಕೊಂಡವರನ್ನು ನಡೆಯಿಸದೆ, ಆ ಕಾಲನ್ನೋ ಕೈಯನ್ನೋ ಅಲುಗಾಡಿಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಭಾರತದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದುದು. ಘಟ್ಟದ ತೋಟಗಳಲ್ಲಿ ತರಗೆಲೆಯ ಬಣ್ಣದಲ್ಲೇ ಮಲಗಿರುವ, ಹಂಪ್‌ನೋಸ್ಡ್ ಪಿಟ್ ವೈಪರ್ ಎಂದು ಕರೆಯಲ್ಪಡುವ ಪುಟ್ಟ ಗುಳಿಮಂಡಲದ ವಿಷಕ್ಕೆ ಅದು ನಾಟುವುದಿಲ್ಲ. ಆದುದರಿಂದ ಯಾವ ಹಾವೆಂಬುದು ವೈದ್ಯರಿಗೆ ಮುಖ್ಯವಾಗುತ್ತದೆ. ದೂರದಿಂದ ಒಂದು ಚಿತ್ರ ಸಾಧ್ಯವಾದರೆ ಸರಿ, ಅದಕ್ಕಾಗಿ ಹಾವನ್ನು ಬೆನ್ನಟ್ಟುವುದು ಬೇಡ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಇಂಬಳದ ವಿಷಯಕ್ಕೆ ಹೆಚ್ಚು ಮಾತು ಬೇಡ. ಸುಣ್ಣ ಮತ್ತು ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಳ್ಳುವ ಅಜ್ಜಂದಿರ ಉಪಾಯವನ್ನು ಯಾವ ಕಂಪನಿಯೂ ಇನ್ನೂ ಮೀರಿಸಿಲ್ಲ.

ದಿಕ್ಸೂಚಿಯು ಕೆಟ್ಟ ವಸ್ತುವಲ್ಲ. ಆದರೆ ಊರು ಯಾವ ದಿಕ್ಕಿನಲ್ಲಿದೆಯೆಂದು ಹೊರಡುವಾಗಲೇ ನೋಡಿಕೊಳ್ಳದವನಿಗೆ ಉತ್ತರ ದಿಕ್ಕು ತಿಳಿದು ಏನಾಗಬೇಕು? ಘಟ್ಟದ ಪಶ್ಚಿಮದ ಇಳಿಜಾರು ಕಡಿದು. ಮಂಜಿನಲ್ಲಿ ಅತ್ತ ಇಳಿದವರು ಕೇರಳದ ಅಥವಾ ದಕ್ಷಿಣ ಕನ್ನಡದ ದಟ್ಟ ಕಾಡಿನ ಕಮರಿಗಳಿಗೆ ಬೀಳುತ್ತಾರೆ. ತೊರೆಯ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆಂಬ ಪುಸ್ತಕದ ಸಲಹೆಯೂ ಇಲ್ಲಿ ಅಪಾಯಕರ. ಘಟ್ಟದ ತೊರೆಗಳು ಜಲಪಾತಗಳಾಗಿ ಧುಮುಕುತ್ತವೆ. ಕಾಡಿನಲ್ಲಿ ಒಂದು ಕಪ್ಪು ಪೈಪು ಕಂಡರೆ ಮಾತ್ರ ಅದು ಬೇರೆ ಮಾತು. ಬೆಟ್ಟದ ನೀರನ್ನು ಮನೆಗೆ ತರಲು ಯಾರೋ ಎಳೆದ ಪೈಪು ಅದು, ಅದರ ಕೆಳತುದಿಯಲ್ಲಿ ಮನೆಯಿರುತ್ತದೆ. ದಾರಿ ತಪ್ಪಿದೆಯೆಂದು ಮನವರಿಕೆಯಾದೊಡನೆ ನಿಲ್ಲುವುದು ಎಲ್ಲಕ್ಕಿಂತ ಕ್ಷೇಮ. ನಡೆದಷ್ಟೂ ಹುಡುಕುವವರ ವೃತ್ತ ದೊಡ್ಡದಾಗುತ್ತದೆ.

ಇಲ್ಲಿಯವರೆಗಿನ ಮಾತು ಚಾರಣಿಗರಿಗೆ ಸಂಬಂಧಿಸಿದ್ದೆಂದು ಹಳ್ಳಿಯವರಿಗೆ ಅನ್ನಿಸಿರಬಹುದು. 2018ರ ಆಗಸ್ಟನ್ನು ನೆನೆಯಬೇಕು. 15ರಿಂದ 17ರವರೆಗಿನ ಆ ಮೂರು ದಿನಗಳಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಮೊಣ್ಣಂಗೇರಿಗಳ ಬೆಟ್ಟಗಳು ಕುಸಿದವು. ಜಿಲ್ಲೆಯಲ್ಲಿ ಸುಮಾರು 20 ಜನರು ಪ್ರಾಣ ಕಳೆದುಕೊಂಡರು. ಸಾವಿರಾರು ಮಂದಿ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ರಸ್ತೆಯಿಲ್ಲ, ವಿದ್ಯುತ್ತಿಲ್ಲ, ಮೊಬೈಲ್ ಸಂಪರ್ಕವಿಲ್ಲ. ಚಾರಣದ ಕನಸನ್ನೂ ಕಾಣದ ವೃದ್ಧರು, ಬಾಣಂತಿಯರು, ಲೈನ್‌ಮನೆಯ ಕಾರ್ಮಿಕರು ಮಳೆಯಲ್ಲಿ ಬೆಟ್ಟದ ನೆತ್ತಿಗಳಲ್ಲಿ ನಿಂತು ಸೈನ್ಯಕ್ಕೂ ಎನ್‌ಡಿಆರ್‌ಎಫ್ ಪಡೆಗೂ ಕಾದರು. ಮರುವರ್ಷ ಆಗಸ್ಟಿನಲ್ಲಿ ತೋರ ಮತ್ತು ಕೋರಂಗಾಲದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಅದೇ ದುಃಖ ಮರುಕಳಿಸಿತು. 2024ರ ಜುಲೈ 30ರ ನಸುಕಿನಲ್ಲಿ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಆದುದನ್ನು ಲೋಕವೇ ಕಂಡಿತು.

ಮೇಲಿನಿಂದ ಮಣ್ಣಿನ ಪ್ರವಾಹ ಬಂದಾಗ ಜೇಬಿನ ಚೀಲವು ಯಾರನ್ನೂ ಉಳಿಸದು. ಅದನ್ನು ಮರೆಮಾಚಿ ಮಾತನಾಡುವುದು ಮೋಸವಾಗುತ್ತದೆ. 2018ರ ನಂತರ ಪರಿಶೀಲನೆ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅತಿವೃಷ್ಟಿಯ ಜೊತೆಗೆ ಇಳಿಜಾರನ್ನು ಅಡ್ಡಾದಿಡ್ಡಿಯಾಗಿ ಕಡಿದುದನ್ನೂ ಕಾರಣವಾಗಿ ಹೇಳಿತು. ರೆಸಾರ್ಟಿಗೆ ಬೆಟ್ಟವನ್ನು ಅಗೆಯುತ್ತ ಜನರ ಕೈಗೆ ಸೀಟಿ ಕೊಡುವುದು ಪರಿಹಾರವಲ್ಲ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಒಮ್ಮೆಲೇ ಕೆಂಪಾದ ಒರತೆಯ ನೀರು, ತುಂಬಿ ಹರಿಯುತ್ತಿದ್ದ ತೊರೆ ಹಠಾತ್ತನೆ ಬತ್ತುವುದು, ಇವುಗಳನ್ನು ಕಂಡ ಕೂಡಲೇ ಹೊರಡುವುದೇ ಉಳಿವಿನ ದಾರಿ. ಆದರೆ ಹೊರಟ ಮೇಲೆ ಒಂದು ರಾತ್ರಿಯಿದೆ, ಎರಡು ದಿನಗಳಿವೆ. ಆಗ ಬೇಕಾಗುವುದು ಅದೇ ಚೀಲ: ಕೊಪ್ಪೆ, ಟಾರ್ಚು, ಸೀಟಿ, ನೀರಿನ ಮಾತ್ರೆ, ಬೆಲ್ಲ. ಅದಕ್ಕೆ ಮನೆಯವರು ಇನ್ನು ಕೆಲವನ್ನು ಸೇರಿಸಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರ ಒಂದು ವಾರದ ಗುಳಿಗೆ, ವೈದ್ಯರ ಚೀಟಿ, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ, ಐವತ್ತು ನೂರರ ನಾಲ್ಕು ನೋಟು. ಬಂಧುಗಳ ದೂರವಾಣಿ ಸಂಖ್ಯೆಗಳನ್ನು ಪೆನ್ಸಿಲಿನಿಂದ ಬರೆದ ಹಾಳೆಯೂ ಇರಲಿ. ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ, ಮೊಬೈಲ್ ಸತ್ತ ಮೇಲೆ ಮಗನ ಸಂಖ್ಯೆಯೂ ಬಾಯಿಗೆ ಬಾರದು. ಇದನ್ನು ಕಪಾಟಿನಲ್ಲಿಡದೆ ಬಾಗಿಲ ಬಳಿ, ಕತ್ತಿ ಮತ್ತು ಕೊಡೆ ತೂಗುಹಾಕುವ ಮೊಳೆಗೇ ತೂಗುಹಾಕಬೇಕು. ತೋಟದ ಮಾಲೀಕರು ಲೈನ್‌ಮನೆಗೊಂದರಂತೆ ಇಂತಹ ಚೀಲವನ್ನು ಕೊಡಿಸಿದರೆ ಒಂದು ದಿನದ ಕೂಲಿಗಿಂತ ಹೆಚ್ಚೇನೂ ಖರ್ಚಾಗದು. ಜೂನ್ ಬರುವ ಮೊದಲೇ ಈ ಕೆಲಸ ಮಾಡಬೇಕು.

ಚೀಲಕ್ಕೆ ತಗಡಿನ ಡಬ್ಬಿಯೇ ಬೇಕೆಂದಿಲ್ಲ. ಮನೆಯಲ್ಲಿ ಖಾಲಿಯಾದ ಬಿಗಿಮುಚ್ಚಳದ ಡಬ್ಬಿಯೋ, ಹಳೆಯ ಮಳೆಯಂಗಿಯಿಂದ ಹೊಲಿದ ಚೀಲವೋ ಸಾಲುತ್ತದೆ. ಅಂಗಿಯ ಜೇಬಿನಲ್ಲಿ ಅಥವಾ ಸೊಂಟದಲ್ಲಿ ನಿಲ್ಲುವಷ್ಟೇ ಇರಬೇಕು. ಭಾರವಾದರೆ ಅದು ಬೆನ್ನಿನ ಚೀಲಕ್ಕೆ ಹೋಗುತ್ತದೆ, ಬೆನ್ನಿನ ಚೀಲ ಜಾರಿ ಕಮರಿಗೆ ಬಿದ್ದಾಗ ಅದರ ಜೊತೆಗೇ ಹೋಗುತ್ತದೆ. ಶಾಲಾಮಕ್ಕಳಿಗೆ ಸೀಟಿ, ಕೊಪ್ಪೆ, ಟಾರ್ಚು ಈ ಮೂರೇ ಸಾಕು. ಇಷ್ಟನ್ನು ಒಮ್ಮೆ ಬಳಸಿ ನೋಡಿರಬೇಕು ಎಂಬುದು ಮಾತ್ರ ಕಡ್ಡಾಯ. ಮಳೆ ಸುರಿಯುವ ಒಂದು ಸಂಜೆ ಶಾಲೆಯ ಮೈದಾನದಲ್ಲಿ ಅರ್ಧ ಗಂಟೆ ಕೊಪ್ಪೆಯೊಳಗೆ ಕುಳಿತ ಹುಡುಗನಿಗೆ ಈ ಉಪನ್ಯಾಸಕ್ಕಿಂತ ಹೆಚ್ಚು ತಿಳಿಯುತ್ತದೆ.

ಚೀಲದಲ್ಲಿ ಹಿಡಿಸದ ಒಂದು ವಸ್ತು ಉಳಿಯಿತು. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಜನ, ಎಷ್ಟು ಹೊತ್ತಿಗೆ ಮರಳುವುದು ಎಂದು ಬರೆದು ಬಿಟ್ಟುಹೋಗುವ ಚೀಟಿ ಅದು. 2024ರಲ್ಲಿ ರಾಜ್ಯದ ಅರಣ್ಯ ಇಲಾಖೆಯು ಚಾರಣಕ್ಕೆ ಆನ್‌ಲೈನ್ ನೋಂದಣಿಯನ್ನು ಕಡ್ಡಾಯಗೊಳಿಸಿತು. ಅದರಿಂದ ಹತ್ತಿದವರ ಲೆಕ್ಕ ಸಿಗುತ್ತದೆ. ಸಂಜೆಯೊಳಗೆ ಇಳಿಯದವರನ್ನು ಗಮನಿಸುವ ಕಣ್ಣು ಮಾತ್ರ ಊರಿನದೇ ಆಗಿರಬೇಕು. ಕಕ್ಕಬ್ಬೆಯಲ್ಲಿ ನಾಲ್ಕುನಾಡು ಅರಮನೆಯ ಬಳಿ ವಾಹನ ನಿಲ್ಲಿಸಿ ಹತ್ತುವವರಿಂದ, ಹೋಂಸ್ಟೇಗಳಲ್ಲಿ ಉಳಿದು ಮುಂಜಾನೆ ಹೊರಡುವವರಿಂದ ಇಂತಹ ಚೀಟಿಯನ್ನು ಕೇಳಿ ಪಡೆಯುವುದು ಕಷ್ಟವೇನಲ್ಲ. ಊರಿನವರೂ ಹಾಗೆಯೇ, ಕಾಡಿನ ಅಂಚಿಗೆ ಕಟ್ಟಿಗೆಗೋ ಅಣಬೆಗೋ ಹೋಗುವಾಗ ಮನೆಯಲ್ಲಿ ಹೇಳಿ ಹೋಗುವ ಹಳೆಯ ರೂಢಿಯನ್ನು ಬಿಡಬಾರದು.

ಚೀಲವನ್ನು ಪರೀಕ್ಷಿಸುವುದಕ್ಕೆ ಎರಡು ದಿನಗಳನ್ನು ಇಟ್ಟುಕೊಳ್ಳಬಹುದು. ಮೃಗಶಿರಾ ಮಳೆ ಹಿಡಿಯುವ ಮುನ್ನ ಒಮ್ಮೆ. ಕೈಲ್‌ಪೊಳ್ದಿನಂದು ಕೋವಿ ಕತ್ತಿಗಳನ್ನು ಒರೆಸಿ ಪೂಜೆಗಿಡುವಾಗ ಇನ್ನೊಮ್ಮೆ. ಟಾರ್ಚಿನ ಸೆಲ್ಲು ಸೋರಿದೆಯೇ, ಗುಳಿಗೆಯ ಅವಧಿ ಮುಗಿದಿದೆಯೇ, ಲೈಟರ್ ಹತ್ತುತ್ತದೆಯೇ, ಬೆಲ್ಲಕ್ಕೆ ಇರುವೆ ಹತ್ತಿದೆಯೇ ಎಂದು ನೋಡಿ, ಚೀಲವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕುವುದು. ಬೆಲ್ಲವನ್ನು ಮಕ್ಕಳು ಆಗಾಗ ಖಾಲಿ ಮಾಡುತ್ತಿರುತ್ತಾರೆ, ಅದನ್ನು ಮಾತ್ರ ತಿಂಗಳಿಗೊಮ್ಮೆ ನೋಡಬೇಕಾದೀತು.